ಗೋಡೆ ಕಡೆ ಮುಖ

ವಾಲ್ಪರಾಯಿಸೊ. ಗುಡ್ಡದ ಅರ್ಧಕ್ಕೆ
ಮೆಟ್ಟಿಲು ದಣಿದು ನಿಂತಲ್ಲಿ
ನನ್ನ ಸೋದರಮಾವ ಅಬೆಲಾರ್ದೊನ ಬೀಗದಂಗಡಿ.
ನಲವತ್ತೊಂದು ವರ್ಷ ಹಿತ್ತಾಳೆ ಅರೆದ ಬೆರಳು;
ಅವನು ಕೊಟ್ಟ ಬ್ರೆಡ್ಡಿಗೂ ಚಿಲ್ಲರೆಯ ವಾಸನೆ.

ಮಾರ್ಚಿನಲ್ಲಿ ಅವನ ಇಮೇಲಿಗೆ ಯಾರೋ ಹೊಕ್ಕರು.
ಅಲ್ಲಿಂದ ಬ್ಯಾಂಕಿಗೆ, ಅಲ್ಲಿಂದ ಕರೆಂಟು ಬಿಲ್ಲಿಗೆ,
ತೀರಿಕೊಂಡ ಅತ್ತೆಯ ಫೋಟೊಗಳಿದ್ದಲ್ಲಿಗೂ.
ಎಲ್ಲ ಬಾಗಿಲಿಗೂ ಒಂದೇ ಪಾಸ್‌ವರ್ಡ್:
ನಾಯಿಯ ಹೆಸರು, ನಾಯಿ ಹುಟ್ಟಿದ ವರ್ಷ.
ನಾಯಿ ಹೊಸ್ತಿಲಲ್ಲೇ ಮಲಗಿತ್ತು. ಬೊಗಳಲಿಲ್ಲ.

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು
ಶನಿವಾರ, ಬಂದರಿನ ಪಾಳಿ ಮುಗಿಸಿ, ನಾನು ಹೋದೆ.

ಬರೆದಿಟ್ಟರಾಯ್ತು, ಅಂದಳು ಬೇಕರಿಯ ಹೋರ್ತೆನ್ಸಿಯಾ.
ಅವಳದೆಲ್ಲ ಕ್ಯಾಲೆಂಡರಿನ ಬೆನ್ನಲ್ಲಿ;
ತಿಂಗಳು ಮುಗಿದರೆ ಹಾಳೆ ಬನ್ನು ಸುತ್ತಲು ಹೋಗುತ್ತದೆ.
ಬ್ರೌಸರೇ ನೆನಪಿಟ್ಟುಕೊಳ್ಳಲಿ ಅಂದರೆ
ಅದು ಅಂಗಡಿಯ ಹುಡುಗರೆಲ್ಲ ಕೂರುವ ಕಂಪ್ಯೂಟರು.
'ಎಲ್ಲರ ಕೈಗೂ ಸಿಕ್ಕಿದ್ದು ಬೀಗವಲ್ಲ, ಹಿಡಿಕೆ,' ಅಂದ ಮಾವ.

ಒಂದು ತಿಜೋರಿ ಇದೆ ಮಾಮಾ, ಅಂದೆ.
ಬಾಗಿಲು ಬಾಗಿಲಿಗೂ ಬೇರೆ ಬೀಗದ ಕೈ ಅದೇ ಅರೆಯುತ್ತದೆ,
ಒಂದರ ಹಲ್ಲು ಇನ್ನೊಂದಕ್ಕೆ ಕೂರದ ಹಾಗೆ.
ನೀನು ನೆನಪಿಡಬೇಕಾದ್ದು ಅದರದೊಂದೇ.

ಕನ್ನಡಕ ಹಣೆಗೇರಿತು.
'ಎಲ್ಲ ಕೈಗಳೂ ಒಂದೇ ಡಬ್ಬಿಯಲ್ಲಿ?
ಕಳ್ಳನ ಕಾಲು ನೋಯದಿರಲಿ ಅಂತಲೇ?'

ನಾನು ಉತ್ತರ ಕೊಡಲಿಲ್ಲ.
ಅವನ ಬೆನ್ನ ಹಿಂದಿನ ಹಲಗೆಯನ್ನು ನೋಡಿದೆ:
ಅರ್ಧ ಗುಡ್ಡದ ಮನೆಗಳ ನಕಲು ಕೀಲಿ, ಮೊಳೆಗೊಂದು.
ಯಾವುದಕ್ಕೂ ಹೆಸರಿಲ್ಲ, ಬೀದಿಯಿಲ್ಲ.
ಒಂದಕ್ಕೆ ಕೆಂಪು ದಾರ,
ಒಂದಕ್ಕೆ ಮೀನಿನ ಮುಳ್ಳಿನಂಥ ಗೀರು,
ಅರ್ಥ ಅವನ ತಲೆಯಲ್ಲಿ.
ಕದ್ದವನಿಗೆ ಸಿಗುವುದು ಮುನ್ನೂರು ತುಂಡು ಲೋಹ,
ಬಾಗಿಲು ಒಂದೂ ಅಲ್ಲ.

ಅವನೂ ತಿರುಗಿ ನೋಡಿದ. ತುಂಬಾ ಹೊತ್ತು.
'ತಿಜೋರಿ ಮಾಡಿದವರಿಗೆ ನನ್ನ ಮಾತು ಗೊತ್ತಾಗುತ್ತದೆಯೆ?'
ಇಲ್ಲ.
'ನಾನು ಮರೆತರೆ?'
ಅವರೂ ತೆರೆಯಲಾರರು.
'ಹಾಗಿದ್ದರೆ ಕಸುಬು ಬಲ್ಲವರು.'

ನಾಲ್ಕು ಪದ ಬೇಕು, ಒಂದಕ್ಕೊಂದು ನಂಟಿಲ್ಲದವು;
ಹಾಡಿನದು ಬೇಡ, ನಾಯಿಯಂತೂ ಬೇಡ,
ದಾಳ ಉರುಳಿಸಿ ಪಟ್ಟಿಯಿಂದ ಆರಿಸು ಅಂದೆ.
ಗಿರಾಕಿಯೊಬ್ಬನನ್ನು ಸೋಮವಾರ ಬಾ ಎಂದು ಕಳಿಸಿ
ಶಟರು ಅರ್ಧ ಎಳೆದ.
ದಾಳ ಹಿತ್ತಾಳೆಯ ಹುಡಿಯಲ್ಲಿ ಹೊರಳಿತು.

ನಾನು ಗೋಡೆ ಕಡೆ ಮುಖ ಮಾಡಿದೆ.

ಇದನ್ನು ಕಲಿಸಿದವನು ಅವನೇ.
ನನಗೆ ಒಂಬತ್ತು. ಯಾರೋ ವಿಧವೆಯ ಮನೆ,
ಗಂಡನ ಜೊತೆ ಮಾತು ನಿಲ್ಲಿಸಿದ ತಿಜೋರಿ.
ಕೊನೆಯ ತಿರುವು ಅವರಿಗೇ ಬಿಡಬೇಕು, ಅಂದಿದ್ದ,
ನನ್ನ ಭುಜ ಹಿಡಿದು ಗೋಡೆಗೆ ತಿರುಗಿಸುತ್ತ.
ಬೀಗ ತೆರೆಯುವುದು ಎರಡನೆಯ ವಿದ್ಯೆ, ಯಾಸ್ನಾ,
ಮೊದಲನೆಯದು ಕತ್ತು ತಿರುಗಿಸುವುದು.

ಒಂದೇ ಬೆರಳು. ಟಕ್. ಟಕ್.
ಎಣಿಸಬಾರದೆಂದುಕೊಂಡೇ ಎಣಿಸಿದೆ: ಇಪ್ಪತ್ತಾರು.
ಮೂರನೆಯ ಪದಕ್ಕೆ ಸಣ್ಣಗೆ ನಕ್ಕ.
ಯಾವ ಪದವೋ. ಆ ನಗು ಮಾತ್ರ ನನ್ನ ಬಳಿ ಇದೆ,
ಅದರಿಂದ ಏನೂ ತೆರೆಯುವುದಿಲ್ಲ.

ಪದಗಳ ಚೀಟಿ ಲಕೋಟೆಗೆ, ಲಕೋಟೆ ಮೇಣಕ್ಕೆ,
ಮೇಣ ಆರಿದ ಮೇಲೆ ಅತ್ತೆಯ ಹೊಲಿಗೆ ಡಬ್ಬಿಯ ತಳಕ್ಕೆ.
'ನಾನು ಹೋದ ಮೇಲೆ,' ಅಂದ.
'ಅವಸರ ಮಾಡಿದರೆ ಮೇಣ ನನಗೆ ಹೇಳುತ್ತದೆ.'

ಕಡಲ ಮಂಜು ಮೆಟ್ಟಿಲೇರಿ ಬರುತ್ತಿತ್ತು.
ಬೀಗ ಹಾಕಿದ, ಎಂದಿನಂತೆ ಎರಡು ಸಲ ಜಗ್ಗಿದ,
ಏನೋ ನೆನಪಾಗಿ ಮತ್ತೆ ತೆಗೆದು ಒಳಗೆ ಹೋಗಿ
ಕೆಳಸಾಲಿನ ಮೊಳೆಯಿಂದ ಒಂದು ಕೀಲಿ ತಂದ.
ನೀಲಿ ದಾರ. ನನ್ನ ಮನೆಯದು.
'ಈಗಲೂ ಇದೇ ಬೀಗವೆ?'

ಹೋದ ವರ್ಷ ಬದಲಿಸಿದ್ದೆ, ಅವನಿಗೆ ಹೇಳದೆ.
ಹೇಳಿದೆ.

'ಒಳ್ಳೆಯದು,' ಎಂದು
ಅದನ್ನು ಅದೇ ಮೊಳೆಗೆ ತೂಗಿಹಾಕಿದ.