ಸ್ವಲ್ಪ ಹುಳಿ

ರೋಮಾ ಅಂದರೆ ಪೋಪರ ಊರಲ್ಲ,
ಲೆಸೊಥೊದ್ದು. ಗುಡ್ಡದ ಬುಡದಲ್ಲಿ ವಿಶ್ವವಿದ್ಯಾಲಯ,
ಗೇಟಿನ ಹೊರಗೆ ಕುದುರೆ ಮೇಯುತ್ತವೆ.
ಎರಡನೇ ವರ್ಷದ ಮೊದಲ ಪಾಠಕ್ಕೆ
ಮೇಷ್ಟ್ರು ಮೊಖೆಥಿ ಪುಸ್ತಕ ತರಲಿಲ್ಲ,
ತಗಡಿನ ಬೋಗುಣಿ ತಂದರು. ತುಂಬ ಮಣ್ಣು.

'ಚಿಟಿಕೆ ತಗೊಳ್ಳಿ, ಮುಂದಿನ ಹಲ್ಲಲ್ಲಿ ಕಚ್ಚಿ.
ಕರಕರ ಅಂದರೆ ಮರಳು.
ನಿಮ್ಮ ಕಿವಿಗಷ್ಟೇ ಕೇಳುವ ಹಾಗೆ
ಕಿರುಗುಟ್ಟಿದರೆ ಮೆಕ್ಕಲು.
ಏನೂ ಹೇಳದೆ ಬೆಣ್ಣೆಯಂತೆ ಬಳಿದುಕೊಂಡರೆ
ಜೇಡಿ.
ಗಡಿಯಾಚೆಯಿಂದ ಯಂತ್ರ ಬರುವ ತನಕ
ಇದೇ ಪ್ರಯೋಗಶಾಲೆ.'

ಮಾಸೇರು ಪೇಟೆಯ ಹುಡುಗರು ಕಿಟಕಿಯಾಚೆ ಉಗುಳಿದರು.
ಕರವಸ್ತ್ರ, ನಗು, ನೀರಿನ ಬಾಟಲಿ.
ನಾನು ನುಂಗಿಬಿಟ್ಟೆ.
ಅಭ್ಯಾಸ.

ನಮ್ಮಲ್ಲಿ ಬಸುರಿಯರು ಮಣ್ಣು ತಿನ್ನುತ್ತಾರೆ.
ಬಸ್ ನಿಲ್ದಾಣದಲ್ಲಿ ಮುದುಕಿಯರು
ಕಿತ್ತಳೆ, ಸುಟ್ಟ ಜೋಳದ ತೆನೆ, ಮೊಬೈಲಿನ ಚೀಟಿಗಳ ಪಕ್ಕ
ಪೊಟ್ಟಣ ಕಟ್ಟಿ ಮಾರುತ್ತಾರೆ, ಬಿಳಿಯದು ಒಂದು ದರ,
ಕೆಂಪಿಗೆ ಇನ್ನೊಂದು.
ಅಕ್ಕನಿಗೆ ಕೊಂಡ ಮಣ್ಣು ಒಗ್ಗದು.

ಅಕ್ಕ ಲಿಂಫೊ. ಮದುವೆಯ ದಿನ
ಗಂಡನ ಮನೆಯವರು ಅವಳನ್ನು ಮಾಪುಲೆಂಗ್ ಅಂದರು.
ಪುಲೆಂಗ್ ಎಂಬವಳ ತಾಯಿ;
ಪುಲೆಂಗ್ ಅಂದರೆ 'ಮಳೆಯಲ್ಲಿ'.
ಮಗು ಇರಲಿಲ್ಲ. ಮಳೆಯೂ ಇರಲಿಲ್ಲ.
ಐದು ವರ್ಷ ಅವಳು
ಇಲ್ಲದ ಎರಡರ ಹೆಸರಿಗೆ ಓಗೊಟ್ಟಳು.

ಈಗ ಏಳು ತಿಂಗಳು.
ಮನೆಯ ಹಿಂದೆ ಕೊರಕಲು; ಅಜ್ಜನ ಕಾಲಕ್ಕೆ
ಹಾರಿ ದಾಟುತ್ತಿದ್ದರಂತೆ, ಈಗ ಒಳಗೆ ಇಳಿದ ಎತ್ತು
ಕೂಗಿದರೂ ಕೇಳಿಸದು.
ಅದರ ಅಂಚಿನಲ್ಲಿ ಕಂಬಳಿ ಹೊದ್ದು ಕೂತು
ಉಗುರಲ್ಲಿ ಕೆರೆದು ತಿನ್ನುತ್ತಾಳೆ.
'ನಮ್ಮ ಮೂರು ಹೊಲ ಇದು ತಿಂದಿತು.
ನಾನು ಇದನ್ನು ತಿನ್ನುತ್ತೇನೆ.
ಲೆಕ್ಕ ಚುಕ್ತಾ.'

ನವೆಂಬರಿನಲ್ಲಿ ಬಂತು, ಒಂದೇ ಮಧ್ಯಾಹ್ನ, ಆಲಿಕಲ್ಲಿನ ಸಮೇತ.
ಕ್ಷೇತ್ರಕಾರ್ಯಕ್ಕೆಂದು ಊರಲ್ಲೇ ಇದ್ದೆ.
ಸೇತುವೆಯ ಮೇಲಿನಿಂದ ಹಗ್ಗಕ್ಕೆ ಬಾಟಲಿ ಕಟ್ಟಿ
ಹೊಳೆಯೊಳಗೆ ಇಳಿಬಿಟ್ಟೆ.
ಮೇಲೆ ಬಂದದ್ದು ನೀರಲ್ಲ, ಹಾಲು ಹಾಕಿದ ಚಹಾ.
ನಮ್ಮ ಬೆಟ್ಟದ ನೀರನ್ನು ಸುರಂಗದಲ್ಲಿ
ಪರದೇಶಕ್ಕೆ ಮಾರುತ್ತೇವೆ. ಅದಕ್ಕೆ ಮೀಟರಿದೆ,
ಮೀಟರಿಗೆ ಕಾವಲುಗಾರ, ಅವನಿಗೆ ಟೋಪಿ.
ಮಣ್ಣು ಬಿಟ್ಟಿಯಾಗಿ ಹೋಗುತ್ತದೆ.
ಅದನ್ನು ಅಳೆಯುವವಳು ಸದ್ಯಕ್ಕೆ
ನಾನು, ಒಂದು ಹಗ್ಗ, ಒಂದು ಬಾಟಲಿ.

ಸೋಸಿದೆ. ಒಣಗಿಸಿದೆ. ತೂಗಿದೆ.
ಲೀಟರಿಗೆ ಮೂರು ಪಾಯಿಂಟ್ ಎಂಟು ಗ್ರಾಂ.
ಬರೆದುಕೊಂಡು, ಸೋಸುಕಾಗದವನ್ನು
ಬಸ್ ನಿಲ್ದಾಣದ ಮುದುಕಿಯರ ಹಾಗೆ ನಾಲ್ಕು ಮಡಿಕೆ ಮಡಚಿ
ಅಕ್ಕನ ಕೈಗಿಟ್ಟೆ:
'ನಿನ್ನ ಹೊಲ. ವಾಪಸ್ ತಂದೆ.'

ಅವಳು ಕಚ್ಚಿದಳು. ಕಣ್ಣು ಮುಚ್ಚಿದಳು.
ಮೊಖೆಥಿಯವರೂ ಅಷ್ಟು ಹೊತ್ತು ಕೇಳಿಸಿಕೊಳ್ಳುವುದಿಲ್ಲ.
'ನಮ್ಮದಲ್ಲ ಇದು,' ಅಂದಳು.
'ಮೇಲಿನ ಮನೆ ರಾಮಖೆಲೆಯವರದು. ಸ್ವಲ್ಪ ಹುಳಿ.
ಪಾಪ, ಅವರದೂ ಹೋಯಿತೇ.'
ಅಂದವಳು ಕಾಗದ ನೆಕ್ಕಿ
ಇನ್ನಿಲ್ಲವೇ ಎಂದು ನನ್ನ ಚೀಲ ನೋಡಿದಳು.

ರೋಮಾಕ್ಕೆ ಮರಳಿ, ಬಾಟಲಿಯ ತಳದಲ್ಲಿ ಉಳಿದದ್ದಕ್ಕೆ
ಪಟ್ಟಿ ಅದ್ದಿದೆ. ಬಣ್ಣ ನಿಧಾನ ತಿರುಗಿ
ಐದರ ಹತ್ತಿರ ನಿಂತಿತು.
ಹುಳಿಯೇ.
ಮರುವಾರ ರಾಮಖೆಲೆಯವರ ಹೊಲದ ಮಣ್ಣು ತಂದು ಅದ್ದಿದೆ: ಐದು.
ಅಕ್ಕನ ಕೊರಕಲಿನದು: ಏಳು.

ವರದಿಯಲ್ಲಿ ಒಂದು ಕಲಮು ಖಾಲಿಯಿತ್ತು,
'ಮೂಲ ಗುರುತಿಸಿದ ವಿಧಾನ'.
ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ.
ಆಮೇಲೆ ಅವಳ ಹೆಸರು ಬರೆದೆ,
ಲಿಂಫೊ ಅಂತ,
ಹಳೆಯದನ್ನೇ.