ಎರಡು ಅರ್ಧ ಟಿಕೀಟು

ತಾಸಗಾಂವದಿಂದ ಜತ್ತಿಗೆ ಬರುವ ಎಸ್ಟಿಯಲ್ಲಿ
ನಮ್ಮಜ್ಜ ಅಮಗೊಂಡ ಮೂರು ಟಿಕೀಟು ತೆಗೆದಿದ್ದ.
ತನಗೊಂದು ಪೂರಾ.
ಹಸಿ ಗೋಣಿಯಲ್ಲಿ ಸುತ್ತಿದ ದ್ರಾಕ್ಷಿ ಕಡ್ಡಿಗೆ ಒಂದು ಅರ್ಧ,
ಕಂಡಕ್ಟರ್ ಜಗಳ ತೆಗೆದದ್ದಕ್ಕೆ.
ಇನ್ನೊಂದು ಅರ್ಧ
ಕಿಟಕಿಗೆ ತಲೆಯಿಟ್ಟು ಮಲಗಿದ್ದ ಆರು ವರ್ಷದ ಹುಡುಗನಿಗೆ.

ಕಡ್ಡಿ ಇನ್ನೂರು. ಹುಡುಗ ಒಬ್ಬ.
ದಾರಿಯುದ್ದಕ್ಕೂ ಅಜ್ಜ ಗೋಣಿಗೆ ನೀರು ಚಿಮುಕಿಸಿದ,
ಕೂಸಿಗೆ ನೀರಡಿಕೆಯೇನು ಅಂತ ಒಮ್ಮೆಯೂ ಕೇಳಲಿಲ್ಲ ಎಂದು
ಅಜ್ಜಿ ಲಗಮವ್ವ ಸಾಯುವತನಕ ಬೈದಳು.

ಆ ಹುಡುಗ ನಮ್ಮಪ್ಪ.
ಯಾರ ಮಗನೆಂದು ಕೇಳಿದರೆ ಅಜ್ಜ
ತೋಟದ ಕಡೆ ಕೈ ತೋರಿಸಿ ಎಲೆ ಅಡಿಕೆ ಮೆಲ್ಲುತ್ತಿದ್ದ.
ಬೇದಾಣೆ ಶೆಡ್ಡಿನಲ್ಲಿ ದುಡಿಯುತ್ತಿದ್ದವಳೊಬ್ಬಳ ಮಗ,
ನಮಗೆ ಅಷ್ಟೇ ಗೊತ್ತು.
ಅವಳ ಹೆಸರು ಅಜ್ಜಿಗೆ ಗೊತ್ತಿತ್ತು.
ಹೇಳದೆ ಹೋದಳು.

ಬಂದ ಮರುದಿನವೇ ನಾಟಿ.
ಒಂದೊಂದು ಕಡ್ಡಿಗೆ ಐದು ಕಣ್ಣು ಬಿಟ್ಟು ಕತ್ತರಿಸಬೇಕು,
ಮೂರು ಮಣ್ಣಿಗೆ, ಎರಡು ಬಿಸಿಲಿಗೆ.
ಹುಡುಗನ ಕೈಗೆ ಕಡ್ಡಿ ಕೊಟ್ಟು ಎಣಿಸೆಂದ ಅಜ್ಜ.
ಏಕ್, ದೋನ್, ತೀನ್...
"ಹಂಗ ಎಣಿಸಿದರ ಬಳ್ಳಿಗೆ ತಿಳಿಯಂಗಿಲ್ಲೋ.
ಒಂದ ಅನ್ನು. ಎರಡ ಅನ್ನು."
ಅಪ್ಪ ಕನ್ನಡ ಕಲಿತದ್ದು ಹಾಗೆ, ಐದರವರೆಗೆ.
ಆರು ಕಲಿಯಲು ಸಾಲಿಗೆ ಹೋಗಬೇಕಾಯಿತು.

ಮೂರು ತಲೆಮಾರಿನ ತೋಟ ಎನ್ನುತ್ತಾರೆ ವ್ಯಾಪಾರಿಗಳು.
ಇಲ್ಲಿಯ ಒಂದು ಬಳ್ಳಿಯೂ
ನನ್ನ ಮಗಳಿಗಿಂತ ಹಿರಿಯದಲ್ಲ.
ಹದಿನೈದು ವರ್ಷಕ್ಕೆ ಬುಡಸಹಿತ ಕಿತ್ತು
ಮತ್ತೆ ಕಾಡುಬೇರು ನೆಟ್ಟು, ಅದರ ತಲೆ ಹಾರಿಸಿ, ಸೀಳಿ,
ಒಳಗೆ ನಮ್ಮ ಕಡ್ಡಿ ಕೂರಿಸಿ ಪಟ್ಟಿ ಸುತ್ತುತ್ತೇವೆ.
ಹಳೆಯದೆಂದರೆ ಕಲ್ಲುಕಂಬ, ತಂತಿ,
ಹಿಡಿಕೆಗೆ ಸೈಕಲ್ ಟ್ಯೂಬು ಬಿಗಿದ ಕತ್ತರಿ,
ಮತ್ತೆ ಅಪ್ಪನ ಬೆರಳು.

ಅಜ್ಜ ಹೊಲ ಬರೆದುಕೊಟ್ಟ ವರ್ಷ
ದಾಯಾದಿಗಳು ಪಂಚರನ್ನು ಕೂಡಿಸಿದರು.
ಧೂಳಪ್ಪ ಕಾಕಾ ಪಟಗ ಸರಿಮಾಡಿಕೊಂಡು
"ಇಂವ ನಮ್ಮ ಬೀಜ ಅಲ್ಲ" ಎಂದ.
ಅಜ್ಜ ಏನೂ ಅನ್ನದೆ ಒಳಗೆ ಹೋಗಿ
ಹಿತ್ತಾಳೆ ಪರಾತದ ತುಂಬ ಮಾಗಿದ ಗೊಂಚಲು ತಂದಿಟ್ಟ.
"ತಿನ್ರಿ. ಒಂದ ಬೀಜ ಸಿಕ್ಕರ
ಕಾಗದ ಹರದ ಹಾಕತೀನಿ."
ಪಂಚರು ತಿಂದರು. ಧೂಳಪ್ಪ ಕಾಕಾನೂ ತಿಂದ,
ಎಲ್ಲರಿಗಿಂತ ಹೆಚ್ಚು, ನಾಲಿಗೆಯಲ್ಲಿ ಹುಡುಕುತ್ತ.
ಚಹಾ ಕುಡಿದು ಎದ್ದರು.

ಇದೆಲ್ಲ ಅಪ್ಪ ಹೇಳಿದ್ದಲ್ಲ. ಅಪ್ಪ ಮಾತಾಡುವುದು
ಔಷಧಿಯ ಅಳತೆ, ಇಬ್ಬನಿ, ದರ.
ಅವನದು ನಮಗಿಂತ ಬಿಗಿ ಕನ್ನಡ.
ಸಾಂಗಲಿಯಿಂದ ಬಂದ ತಲಾಠಿಯ ಜತೆಗೂ ಕನ್ನಡವೇ,
ಆ ಪಾಪದವನಿಗೆ ಒಂದಕ್ಷರ ತಿಳಿಯದಿದ್ದರೂ.

ಮಗಳ ಕೈಗೆ ಕತ್ತರಿ ಯಾಕೆಂದು ಊರು ಕೇಳಿದಾಗ
ಅಂದದ್ದು ಇಷ್ಟು: "ಎಣಿಕಿ ಬರತೈತಿ ಆಕಿಗೆ."

ಈ ಅಕ್ಟೋಬರದ ಚಾಟಣಿ, ಏಳನೆಯ ಸಾಲು.
ಎರಡು ದಿನ ಕಾಡಿದ ಮೋಡ ಹರಿದು ಬಿಸಿಲು ಬಿದ್ದಿತ್ತು.
ಪೇಸ್ಟು ಹಚ್ಚುವ ಹೆಣ್ಣಾಳುಗಳು ಆಚೆ ತುದಿಯಲ್ಲಿ ನಗುತ್ತಿದ್ದರು.
ಕೈ ನಡುಗುತ್ತದೆಂದು ಅಪ್ಪ ಈಗ ಕತ್ತರಿ ಹಿಡಿಯುವುದಿಲ್ಲ,
ನನ್ನ ಬೆನ್ನ ಹಿಂದೆ ನಿಂತು
ನೋಟದಿಂದಲೇ ಕತ್ತರಿಸುತ್ತಾನೆ.
ಗೊಬ್ಬರದಂಗಡಿಯವನ ಫೋನು ಬಂತು,
ನನಗೆ ಎಣಿಕೆ ತಪ್ಪಿತು.
ಹಿಂದಿನಿಂದ ಅಪ್ಪ, ಮೆಲ್ಲಗೆ,
"ಪಾಚ್" ಅಂದ.

ನಾನು ತಿರುಗಲಿಲ್ಲ.
ಅವನೂ ತಿದ್ದಲಿಲ್ಲ.
ಬೆರಳು ತಾನೇ ಐದನೆಯ ಕಣ್ಣಿಗೆ ಹೋಗಿತ್ತು,
ಕತ್ತರಿಸಿದೆ.
ಕಡ್ಡಿಯ ತುದಿಗೆ ನೀರು ಕೂಡಿ,
ಬೀಳಲೋ ಬೇಡವೋ ಎಂದು ತುಸು ನಿಂತು,
ಬಿತ್ತು.

ಬಳ್ಳಿಗೆ ತಿಳಿಯಿತು ಅನಿಸುತ್ತದೆ.
ಇನ್ನೂ ಹನ್ನೊಂದು ಸಾಲು ಬಾಕಿ.