ಹೆಚ್ಚು ಕಡಿಮೆ

ಕರಿ ತಾಡಪಾಲಿನ ಒಂದು ತುದಿ ನನ್ನ ಕೈಯಲ್ಲಿ,
ಇನ್ನೊಂದು ಕಾಲ್ಯುವಿನ ಬೂಟಿನಡಿ
(ಬುಲ್ಡೋಜರ್ ನಿಲ್ಲಿಸಿ ಬಂದಿದ್ದಾನೆ,
ಸಿಗರೇಟು ಹಚ್ಚಬೇಡ ಅಂದದ್ದಕ್ಕೆ ಮುಖ ಊದಿಸಿಕೊಂಡು).
ಒಳಗೆ ಕತ್ತಲಲ್ಲಿ ಕುಕ್ಕರಗಾಲಲ್ಲಿ ಕೂತ ವಿರ್ವೆ
ಜಲ್ಲಿ ಹೊಂಡದ ಗೋಡೆಗೆ ಉಕ್ಕಿನ ಕೊಳವೆ ಬಡಿಯುತ್ತಾಳೆ.
ಒಂದೊಂದು ಏಟಿಗೂ ಎಸ್ಟೋನಿಯಾ
ಒಂದೊಂದು ಹಿಡಿ ಉದುರುತ್ತದೆ.

"ಬೆಳಕು ಬರ್ತಿದೆಯಾ?"
"ನಿನ್ನ ಕಡೆಯಿಂದಲೇ. ಎಳೆದು ಹಿಡಿ."

ಬಿಸಿಲು ಕಂಡರೆ ಈ ಮರಳಿಗೆ ಮರೆವು.
ಹೂತುಹೋದ ದಿನದಿಂದ ಸುತ್ತಲಿನ ಮಣ್ಣು
ಸದ್ದಿಲ್ಲದೆ ಹಾಯಿಸಿದ ವಿಕಿರಣವನ್ನು
ಪ್ರತಿ ಕಣವೂ ಸೆರಗಿನ ತುದಿಗೆ ಚಿಲ್ಲರೆ ಕಟ್ಟಿದ ಹಾಗೆ
ಕಟ್ಟಿಟ್ಟುಕೊಂಡಿದೆ.
ಒಂದು ಗಳಿಗೆ ಹಗಲು ತಾಗಲಿ,
ಗಂಟು ಬಿಚ್ಚಿ ಕೈ ಬರಿದು.

ಮಧ್ಯಾಹ್ನ ಹೊಂಡದ ಒಡತಿ ಹೆಲ್ಯು
ಬಟಾಣಿ ಸಾರು, ಕಪ್ಪು ರೊಟ್ಟಿ ತಂದಳು.
ವಿರ್ವೆ ಗೋಡೆಯ ಮೇಲೆ ಬೆರಳಾಡಿಸಿ ತೋರಿಸಿದಳು:
ತೆಂಕಣಕ್ಕೆ ವಾಲಿದ ಈ ನಿರಿಗೆ, ನೀರು ಹೋದ ದಾರಿ.
ಈ ಬೆಣೆಯಂಥ ಬಿರುಕು, ನೆಲವನ್ನೇ ಸೀಳಿದ ಚಳಿ.
ಈ ಕೆಂಪು ಕಲ್ಲು ಇಲ್ಲಿಯದಲ್ಲ,
ಫಿನ್ಲೆಂಡಿನಿಂದ ಹಿಮದ ಹೆಗಲೇರಿ ಬಂದದ್ದು.
ಬಡಗಣಕ್ಕೆ, ಆ ಬರ್ಚ್ ಮರಗಳಾಚೆ,
ಹಿಮದ ಗೋಡೆ ನಿಂತಿತ್ತು.
ಬೇಸಿಗೆ ಹಗಲೆಲ್ಲ ಹಾಲುಬಣ್ಣದ ನೀರಿನ ಮೊರೆತ,
ರಾತ್ರಿ ಹೆಪ್ಪುಗಟ್ಟಿ ಗಪ್‌ಚಿಪ್.
ಕೇಳಲು ಒಂದು ನರಪಿಳ್ಳೆ ಇಲ್ಲ.

ಹೆಲ್ಯು ಬಟ್ಟಲು ಒರೆಸುತ್ತ ಕೇಳಿದಳು, "ಯಾವಾಗ?"
"ಚಳಿಗಾಲ ಕಳೆದ ಮೇಲೆ ಹೇಳ್ತೀವಿ."

ಚಳಿಗಾಲವಿಡೀ ನೆಲಮಾಳಿಗೆ, ಕೆಂಪು ದೀಪ.
ತೊಳೆ, ಜರಡಿ ಹಿಡಿ, ಆಮ್ಲದಲ್ಲಿ ಅದ್ದು, ಮತ್ತೆ ತೊಳೆ.
ಕೊನೆಗೆ ಲೋಹದ ಬಿಲ್ಲೆಯ ಮೇಲೆ ಚಿಟಿಕೆ ಕಣ.
ನೀಲಿ ಬೆಳಕು ಸೋಕಿದ್ದೇ
ಅಷ್ಟು ಕಾಲದ ಗಂಟು ಒಂದೇ ಉಸಿರಿಗೆ ಒಪ್ಪಿಸಿ
ಆರಿಹೋದವು.
ಕಣ್ಣಿಗೆ ಕಾಣದ ಆ ಮಿನುಗು ಯಂತ್ರಕ್ಕೆ ಮಾತ್ರ ಕಂಡಿತು.
ಕೆಲವು ಕಣ ವಯಸ್ಸು ಹೆಚ್ಚಿಸಿ ಹೇಳಿದವು.
ಸುಳ್ಳಲ್ಲ ಅದು. ಕದಡಿದ ನೀರಲ್ಲಿ ಉರುಳಿ ಬರುವಾಗ
ಅವಕ್ಕೆ ಬಿಸಿಲೇ ಸಿಕ್ಕಿರಲಿಲ್ಲ,
ಹಳೆಯ ಗಂಟು ಹೊತ್ತೇ ಹೂತುಹೋದವು.

ಏಪ್ರಿಲ್‌ನಲ್ಲಿ ಹೋದಾಗ ಆ ಗೋಡೆ ಇರಲಿಲ್ಲ.
ಯಾವುದೋ ಹೆದ್ದಾರಿಗೆ ಹಾಸಿಯಾಗಿತ್ತು.
ಹೆಲ್ಯುವಿನ ಅಡುಗೆಮನೆಯಲ್ಲಿ ವಿರ್ವೆ ಹೇಳಿದಳು,
"ಹದಿನಾಲ್ಕು ಸಾವಿರದ ಇನ್ನೂರು ವರ್ಷ,
ಒಂಬೈನೂರು ಹೆಚ್ಚು ಕಡಿಮೆ."

ಹೆಲ್ಯು ನಕ್ಕಳು.
ಆಮೇಲೆ ಎದ್ದು, ಸಕ್ಕರೆ ಡಬ್ಬಿಯ ಹಿಂದಿನಿಂದ
ಎರಡು ಕಾಗದ ತೆಗೆದಳು. ಅಪ್ಪನವು.
ಮೊದಲನೆಯದು ಸೈಬೀರಿಯಾದಿಂದ ಬಂದದ್ದು:
ನಲವತ್ನಾಲ್ಕರ ಮಾರ್ಚ್, ಹೃದಯ.
ಎರಡನೆಯದು ಅವಳ ಕೂದಲು ನೆರೆತ ಮೇಲೆ:
ನಲವತ್ತೆರಡರ ಏಪ್ರಿಲ್, ಕಾರಣ ಬರೆಯುವಲ್ಲಿ ಒಂದು ಗೆರೆ.
"ಅಮ್ಮ ಇದನ್ನ ನೋಡಲಿಲ್ಲ.
ಮಾರ್ಚ್‌ನಲ್ಲೇ ಮೇಣದಬತ್ತಿ ಹಚ್ತಿದ್ದಳು, ಸಾಯೋವರೆಗೂ.
ಅವರು ಬಂದು ಕರಕೊಂಡು ಹೋಗುವಾಗ ಅಪ್ಪ
ಬಾಗಿಲಲ್ಲಿ ನಿಂತು ಹೇಳಿದನಂತೆ,
ಹೆಚ್ಚುಕಡಿಮೆ ಆದರೆ ಹಸು ಮಾರಿಬಿಡು, ಅಂತ.
ಮಾರಲಿಲ್ಲ ಅವಳು."

ಕೆಟಲ್ ಕೂಗಿತು. ಯಾರೂ ಏಳಲಿಲ್ಲ.

"ನಿಮ್ಮ ಮರಳೇ ವಾಸಿ,
ಎಷ್ಟು ಗೊತ್ತಿಲ್ಲ ಅನ್ನೋದನ್ನಾದರೂ ಬರೆದುಕೊಡುತ್ತೆ."

ಗೋಡೆಯ ಕ್ಯಾಲೆಂಡರಿನ ಅಂಚಲ್ಲಿ
ಪೆನ್ಸಿಲಿನಿಂದ ಆ ಅಂಕಿ ಬರೆದಳು,
ಕೂಡು ಗುರುತಿನ ಕೆಳಗೆ ಕಳೆ ಗುರುತು,
ಒಂದಕ್ಕೊಂದು ತಾಗದ ಹಾಗೆ, ನಾಜೂಕಾಗಿ.
ಮತ್ತೆ ಮೇಜುಬಟ್ಟೆ ಒಯ್ದು ಹೊಸ್ತಿಲಾಚೆ ಕೊಡವಿದಳು.
ರೊಟ್ಟಿಯ ಪುಡಿ, ನಮ್ಮ ತೋಳಿನಿಂದ ಉದುರಿದ
ಒಂದಿಷ್ಟು ಮರಳು,
ಬಿಸಿಲಿಗೆ ಬಿತ್ತು.